ಸದ್ದಿಲ್ಲದ ತಂಬೂರಿ

ಇದು ನಡೆದದ್ದು ಹೋದ ವರ್ಷ ದೀಪಾವಳಿ ಮುಗಿದ ಮೇಲಿನ ವಾರ. ಆಳಂದದ ಬಸ್ ಸ್ಟ್ಯಾಂಡ್ ಹತ್ತಿರ ಕಿರಾಣಿ ಅಂಗಡಿಯೊಂದರ ಮಾಳಿಗೆಯಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಖೋಲಿ ಇದೆ. ಅಫಜಲಪುರ, ಜೇವರ್ಗಿ ಕಡೆಯಿಂದಲೂ ಭಜನಾ ಮಂಡಳಿಯವರು ಹುಡುಕಿಕೊಂಡು ಬರುತ್ತಾರೆ. ಹೆಣ್ಣುಮಗಳಿಗೆ ಈ ವೈರು, ಮಷೀನು ಏನು ತಿಳಿದೀತು ಎಂದು ಅನುಮಾನದಿಂದ ಮೆಟ್ಟಿಲು ಹತ್ತಿದವರೇ ಇಳಿಯುವಾಗ ನನ್ನ ಫೋನ್ ನಂಬರ್ ಬರೆದುಕೊಂಡು ಹೋಗುತ್ತಾರೆ. ಹೊಗಳಿಕೊಳ್ಳುತ್ತಿದ್ದಾಳೆ ಅಂದುಕೊಂಡರೆ ಅಂದುಕೊಳ್ಳಿ, ನಾನು ಇದ್ದದ್ದನ್ನೇ ಹೇಳುತ್ತಿದ್ದೇನೆ.

ಅವತ್ತು ಮಾದನಹಿಪ್ಪರಗಾದಿಂದ ಕಸ್ತೂರಿ ಅಕ್ಕೋರು ಬಂದಿದ್ದರು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಾವು ಅಕ್ಕೋರು ಎಂದೇ ಕರೆಯುವುದು. ಬೆಳಗಿನ ಪ್ರಾರ್ಥನೆಗೆಂದು ಅವರೇ ಒಂದು ಪದ ಕಟ್ಟಿ, ತಾವೇ ಪೇಟಿ ನುಡಿಸುತ್ತ ಮಕ್ಕಳಿಂದ ಹಾಡಿಸುತ್ತಿದ್ದರು. ಪೇಟಿ ಅಂದರೆ ಹಾರ್ಮೋನಿಯಂ. ಅಂಥವರ ಗಂಟಲಲ್ಲಿ ಗಡ್ಡೆಯಾಗಿ, ಮರುದಿನ ಸೊಲ್ಲಾಪುರದಲ್ಲಿ ಆಪರೇಷನ್ ನಿಗದಿಯಾಗಿತ್ತು. ಆಮೇಲೆ ಮೊದಲಿನ ದನಿ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಮುಂಚೆಯೇ ಹೇಳಿದ್ದರಂತೆ. ಮಧ್ಯಾಹ್ನದ ಬಸ್ಸಿಗೆ ಹೊರಡುವ ಮೊದಲು ಆ ಪದ ರೆಕಾರ್ಡ್ ಆಗಬೇಕಿತ್ತು.

"ಎರಡು ಥರ ಮಾಡಿಕೊಡವ್ವ ಮಹಾನಂದಾ," ಎಂದರು. "ಒಂದರಾಗ ನನ್ನ ದನಿ ಇರಲಿ. ಇನ್ನೊಂದರಾಗ ಬರೇ ಪೇಟಿ ಇರಲಿ. ನಾ ಇಲ್ದಾಗ ಹುಡುಗರು ಅದರ ಸಂಗಟ ಹಾಡ್ತಾವ."

"ಅಷ್ಟೇ ಏನ್ರಿ ಅಕ್ಕೋರೆ? ಚಾ ಆರೂದ್ರೊಳಗ ಮಾಡ್ತೇನಿ ಕೂಡ್ರಿ," ಎಂದೆ.

ದನಿ ಬೇರೆ, ಪೇಟಿ ಬೇರೆ ಆಗಬೇಕೆಂದರೆ ನಿಜವಾದ ಪೇಟಿ ನಡೆಯುವುದಿಲ್ಲ, ಅದರ ಸದ್ದೂ ಮೈಕಿನೊಳಗೆ ನುಗ್ಗುತ್ತದೆ. ಅದಕ್ಕೆ ನನ್ನ ಹತ್ತಿರ ಮಿಡಿ ಕೀಬೋರ್ಡ್ ಇದೆ. ಅದಕ್ಕೆ ತನ್ನದೇ ದನಿ ಇಲ್ಲ. ನೀವು ಯಾವ ಕೀ ಒತ್ತಿದಿರಿ, ಎಷ್ಟು ಹೊತ್ತು ಒತ್ತಿದಿರಿ ಎಂದು ಕಂಪ್ಯೂಟರಿಗೆ ಹೇಳುತ್ತದೆ, ಅಷ್ಟೇ. ಪೇಟಿಯ ಸದ್ದು ಮಾಡುವುದು ಕಂಪ್ಯೂಟರ್. ಹಳೆಯ ಕೀಬೋರ್ಡಿನ ಕೀಗಳು ಸಿಕ್ಕಿಕೊಳ್ಳುತ್ತಿದ್ದವು ಎಂದು ಹಿಂದಿನ ಸಂಜೆಯಷ್ಟೇ ಹೊಸದನ್ನು ಹಚ್ಚಿ, ಕಂಪ್ಯೂಟರಿಗೆ ಅದರ ಗುರುತು ಹೇಳುವ ಡ್ರೈವರ್ ಪ್ರೋಗ್ರಾಂ ಹಾಕಿ, ನುಡಿಸಿ ನೋಡಿ ಮನೆಗೆ ಹೋಗಿದ್ದೆ. ಚೆನ್ನಾಗಿಯೇ ನಡೆದಿತ್ತು.

ಈಗ ಅಕ್ಕೋರು ಕೀ ಒತ್ತಿದರೆ ಸದ್ದೇ ಇಲ್ಲ. ಈ ಸಾಧನವನ್ನು ಇನ್ನೊಂದು ಪ್ರೋಗ್ರಾಂ ಬಳಸುತ್ತಿದೆ ಎಂದು ಪರದೆಯ ಮೇಲೆ ಬಂತು. ಹಳೆಯ ಕೀಬೋರ್ಡಿನ ಡ್ರೈವರ್ ಇನ್ನೂ ಒಳಗೇ ಕುಳಿತು ಹೊಸದರ ಜೊತೆ ಜಗಳ ತೆಗೆದಿದೆ ಅಂದುಕೊಂಡೆ. ಹಳೆಯದನ್ನು ಕಿತ್ತು ಹಾಕಿ, ಹೊಸದನ್ನು ಮತ್ತೆ ಹಾಕಿ, ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದೆ. ಆಗಲೂ ಅದೇ ಮಾತು. ವೈರು ಬದಲಿಸಿದೆ, ಫಲ ಸಿಗಲಿಲ್ಲ. ಚಾ ಆರಿ ಕೆನೆಗಟ್ಟಿತ್ತು.

ಅಕ್ಕೋರ ಯಜಮಾನರು ಸಿದ್ರಾಮಪ್ಪನವರು ಕಿಟಕಿಯಿಂದ ಬಸ್ ಸ್ಟ್ಯಾಂಡ್ ಕಡೆ ನೋಡುತ್ತ ನಿಂತಿದ್ದರು. "ಮೊಬೈಲ್‌ನಾಗ ಮಾಡಿ ಬಿಡ್ರಿ. ಗಾಡಿ ತಪ್ಪಿದ್ರ ರಾತ್ರಿ ದವಾಖಾನಿಗಿ ಹ್ಯಾಂಗ ಮುಟ್ಟೂದು?" ಎಂದರು.

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬರೇ ದನಿಯನ್ನಾದರೂ ಹಿಡಿಯೋಣ ಎಂದು ಮೈಕ್ ಕೊಟ್ಟೆ. ಅಕ್ಕೋರು ಕಣ್ಣು ಮುಚ್ಚಿ ಶುರು ಮಾಡಿದರು. ಎರಡನೇ ಸಾಲಿಗೆ ಬರುತ್ತಿದ್ದಂತೆ ನಿಂತರು. ಕೈಗಳು ತೊಡೆಯ ಮೇಲೆ ಪೇಟಿ ಹುಡುಕುತ್ತಿದ್ದವು.

"ಬೆರಳ ಖಾಲಿ ಇದ್ರ ನನಗ ಹಾಡೂದೇ ಆಗಂಗಿಲ್ಲವ್ವ," ಎಂದರು. "ಕೊಯ್ಯೂದಕ್ಕ ನನಗ ಅಂಜಿಕಿ ಇಲ್ಲ ನೋಡು. ಮುಂಜಾನೆ ಪ್ರಾರ್ಥನಾಕ್ಕ ಹುಡುಗರು ಸಾಲಾಗಿ ನಿಂತು ನನ್ನ ದಾರಿ ನೋಡ್ತಾವಲ್ಲ, ಅದಕ್ಕ ಅಂಜ್ತೇನಿ."

ನನಗೆ ನಿಜಕ್ಕೂ ಸಂಕಟವಾಯಿತು. ಆದರೆ ಸಂಕಟಕ್ಕಿಂತ ಸಿಟ್ಟೇ ಹೆಚ್ಚು ಬಂತು. ಒಂದು ಕೀಬೋರ್ಡಿಗೆ ನಾನು ಸೋಲುವುದೇ? "ಅಕ್ಕೋರೆ, ಇದನ್ನ ನುಡಿಸೇ ನೀವು ಬಸ್ ಹತ್ತೂದು," ಎಂದು ಮತ್ತೆ ಕುಳಿತೆ.

ಆಗ ಅಕ್ಕೋರು ಹೊತ್ತು ಕಳೆಯಲೆಂಬಂತೆ ಕೇಳಿದರು: "ನಿನ್ನ ಖೋಲಿ ಇವತ್ತ ಯಾಕ ಇಷ್ಟ ಸುಮ್ಮ ಅದ? ಹೋದ ಸರ್ತಿ ಬಂದಾಗ ಮೆಟ್ಟಿಲ ಮ್ಯಾಲೇ ತಂಬೂರಿ ಕೇಳ್ತಿತ್ತಲ್ಲ."

ನನ್ನ ಕೈ ನಿಂತಿತು. ನನ್ನ ಅಪ್ಪ ಭಜನಾ ಮಂಡಳಿಯವರು. ಬಾಗಿಲು ತೆರೆದ ಕೂಡಲೇ ಮೊದಲು ಶ್ರುತಿ ಹಚ್ಚಬೇಕು, ವ್ಯವಹಾರ ಆಮೇಲೆ ಎಂಬುದು ಅವರ ಕಟ್ಟಳೆ. ಅದಕ್ಕೇ ಕಂಪ್ಯೂಟರ್ ಚಾಲೂ ಆದೊಡನೆ ಒಂದು ತಂಬೂರಿ ಪ್ರೋಗ್ರಾಂ ತಾನಾಗಿಯೇ ಶುರುವಾಗುವಂತೆ ಮಾಡಿಟ್ಟಿದ್ದೆ. ದಿನವಿಡೀ ಅದು ಮಿಡಿಯುತ್ತಿರುತ್ತದೆ, ಈಗ ಅದರ ಕಡೆ ನನ್ನ ಕಿವಿಯೇ ಹೋಗುವುದಿಲ್ಲ. ಇವತ್ತು ಆ ತಂಬೂರಿ ಎಲ್ಲಿ?

ಹೊಸ ಕೀಬೋರ್ಡಿನ ಹಿಂದೆ ಹೆಡ್‌ಫೋನ್ ಸಿಕ್ಕಿಸುವ ತೂತು ಇತ್ತು. ಸಿಕ್ಕಿಸಿ ಕಿವಿಗಿಟ್ಟೆ. ತಂಬೂರಿ ಅಲ್ಲಿ ನೆಮ್ಮದಿಯಿಂದ ಮಿಡಿಯುತ್ತಿತ್ತು!

ನನಗೆ ನಗು ತಡೆಯಲಾಗಲಿಲ್ಲ. ಹೊಸ ಡ್ರೈವರ್ ಹಾಕಿದ ಮೇಲೆ ಇವತ್ತು ಬೆಳಿಗ್ಗೆ ಮೊದಲ ಸಲ ಚಾಲೂ ಆದಾಗಿನಿಂದ ಕಂಪ್ಯೂಟರಿನ ಸದ್ದೆಲ್ಲ ಸ್ಪೀಕರ್ ಬಿಟ್ಟು ಈ ಕೀಬೋರ್ಡಿನೊಳಗೆ ಹೋಗುತ್ತಿತ್ತು, ಅದಕ್ಕೇ ಖೋಲಿ ಮೌನ. ಇನ್ನು ಆ ತಂಬೂರಿ ಪ್ರೋಗ್ರಾಂ ತಾನು ಏಳುವಾಗ ಯಾವ ಕೀಬೋರ್ಡ್ ಕಂಡರೂ ಹಿಡಿದುಕೊಳ್ಳುತ್ತದೆ. ಹಳೆಯ ಕೀಬೋರ್ಡ್ ಒಟ್ಟಿಗೇ ಎರಡು ಪ್ರೋಗ್ರಾಮಿಗೆ ಒದಗುತ್ತಿತ್ತು, ಈ ಹೊಸದು ಮೊದಲು ಹಿಡಿದದ್ದಕ್ಕೆ ಮಾತ್ರ. ಹಿಂದಿನ ಸಂಜೆ ತಂಬೂರಿ ಶುರುವಾದ ಮೇಲೆ ಕೀಬೋರ್ಡ್ ಬಂದಿತ್ತು, ಹಾಗಾಗಿ ನಡೆಯಿತು. ಇವತ್ತು ನಾನು ಕಂಪ್ಯೂಟರನ್ನು ಹೊಸದಾಗಿ ಚಾಲೂ ಮಾಡಿದಾಗಲೆಲ್ಲ ತಂಬೂರಿಯೇ ಮೊದಲು ಎದ್ದಿದೆ. ರೋಗವನ್ನು ನಾನೇ ಎಬ್ಬಿಸಿ ಎಬ್ಬಿಸಿ ಕೂರಿಸುತ್ತಿದ್ದೆ!

ತಂಬೂರಿ ಬಂದ್ ಮಾಡಿ, ಸದ್ದನ್ನು ಸ್ಪೀಕರಿಗೆ ತಿರುಗಿಸಿ, "ಒತ್ರಿ ಅಕ್ಕೋರೆ," ಎಂದೆ. ಅವರ ಪಟ್ಟಿ ಕರಿ ನಾಲ್ಕು, ಅಂದರೆ ನಾಲ್ಕನೇ ಕಪ್ಪು ಕೀಯೇ ಅವರ ಷಡ್ಜ. ಅದನ್ನು ಒತ್ತಿದರು. ಪೇಟಿ ತುಂಬು ದನಿಯಲ್ಲಿ ನುಡಿಯಿತು. ಆ ಸದ್ದು ಮೈಕಿಗೆ ನುಗ್ಗದಂತೆ ಸ್ಪೀಕರ್ ಬಂದ್ ಮಾಡಿ, ಹೆಡ್‌ಫೋನನ್ನು ಅವರ ಕಿವಿಗಿಟ್ಟೆ. ಅಕ್ಕೋರು ಒಂದೇ ಸಲಕ್ಕೆ ಪದವನ್ನು ಕೊನೆಯವರೆಗೆ ಹಾಡಿದರು. ಬಸ್ಸಿನ ಚಿಂತೆ ಮಾಡುತ್ತಿದ್ದ ಸಿದ್ರಾಮಪ್ಪನವರು ಕಿಟಕಿ ಬಿಟ್ಟು ಬಂದು ಹೆಂಡತಿಯ ಮುಖ ನೋಡುತ್ತ ಕುಳಿತುಬಿಟ್ಟಿದ್ದರು. ಬಸ್ಸು ಹೊರಡುವಷ್ಟರಲ್ಲಿ ಅವರ ಚೀಲ ಹೊತ್ತು ಓಡಿ ಹೋಗಿ ಹತ್ತಿಸಿದವಳು ನಾನು.

ಸಂಕ್ರಾಂತಿ ಆದ ಮೇಲೆ ಅಕ್ಕೋರು ಮತ್ತೆ ಮೆಟ್ಟಿಲು ಹತ್ತಿ ಬಂದರು. ಜೀವಕ್ಕೆ ಏನೂ ತೊಂದರೆ ಇರಲಿಲ್ಲ. ದನಿ ಮಾತ್ರ ತಗ್ಗಿ ಗಡುಸಾಗಿತ್ತು.

"ಹುಡುಗರು ದಿನಾ ಆ ಪೇಟಿಗಿ ಹಾಡ್ತಾವ. ನಾ ಸಂಗಟ ಎತ್ತಿದ್ರ ದನಿ ಮ್ಯಾಲ ಏರಂಗಿಲ್ಲ. ಅದು ಇನ್ನ ನನ್ನ ಪದ ಅಲ್ಲ ಬಿಡವ್ವ," ಎಂದರು.

"ಯಾರ್ ಹೇಳ್ಯಾರ್ರಿ?" ಎಂದು ಗದರಿದೆ. ಅವತ್ತು ಕಂಪ್ಯೂಟರ್ ಹಿಡಿದಿಟ್ಟದ್ದು ಪೇಟಿಯ ಸದ್ದನ್ನಲ್ಲ, ಅವರ ಬೆರಳ ನಡೆಯನ್ನು. ಮೊಬೈಲಿನಲ್ಲಿ ಹಿಡಿದಿದ್ದರೆ ಈ ಭಾಗ್ಯ ಇರುತ್ತಿರಲಿಲ್ಲ. ಪದವನ್ನು ಹಾಗೆಯೇ ಕರಿ ನಾಲ್ಕರಿಂದ ಕರಿ ಎರಡಕ್ಕೆ ಇಳಿಸಿದೆ. ನುಡಿಸಿದ್ದು ಅದೇ ಕೈ. ಎರಡನೇ ಸಾಲಿಗೆ ಮೊದಲು ತುಸು ತಡೆದು ಒತ್ತುವ ಅವರ ರೂಢಿಯೂ ಹಾಗೆಯೇ ಇತ್ತು. ಅಕ್ಕೋರು ಸ್ವಲ್ಪ ಹೊತ್ತು ಕೇಳಿದರು, ಆಮೇಲೆ ತಮ್ಮ ಹೊಸ ದನಿಯನ್ನು ಮೆಲ್ಲಗೆ ಅದರೊಳಗೆ ಇಳಿಸಿದರು. ಈ ಸಲ ಎಲ್ಲೂ ನಿಲ್ಲಲಿಲ್ಲ.

ಈಗಲೂ ಬಾಗಿಲು ತೆರೆದ ಕೂಡಲೇ ತಂಬೂರಿ ಹಚ್ಚುತ್ತೇನೆ, ಆದರೆ ನನ್ನ ಕೈಯಾರೆ. ಮೊನ್ನೆ ಬೆಳಿಗ್ಗೆ ಹಾಗೆ ಹಚ್ಚುತ್ತಿರುವಾಗ ಅಕ್ಕೋರ ಫೋನ್ ಬಂತು. ಫೋನನ್ನು ಪ್ರಾರ್ಥನೆಯ ಕಡೆ ಹಿಡಿದಿದ್ದರು. ಇಡೀ ಶಾಲೆಯ ಮಕ್ಕಳು ತಮ್ಮ ಅಕ್ಕೋರಿಗಾಗಿ ಕರಿ ಎರಡಕ್ಕೆ ಇಳಿದು ಹಾಡುತ್ತಿದ್ದರು, ನಡುವೆ ಆ ಗಡುಸು ದನಿಯೂ ಇತ್ತು.

"ಕೇಳಿಸ್ತೇನವ್ವಾ?" ಎಂದರು ಕೊನೆಗೆ. ನಾನು ನನ್ನ ತಂಬೂರಿಯನ್ನೂ ಕರಿ ಎರಡಕ್ಕೆ ಇಳಿಸಿ, ಫೋನನ್ನು ಸ್ಪೀಕರಿನ ಕಡೆ ಹಿಡಿದೆ.