ಹನ್ನೊಂದು ಹೆಂಗಸರು ಹೊಲಿದ ಹಾಯಿ

ಪುಟ್ಟಿ ಚಿತ್ರಕಲಾ ಕಾಲೇಜಿಗೆ ಸೇರಿದ್ದು ದೊಡ್ಡಮ್ಮನ ಹಟದಿಂದ. ಗೀಚೋದನ್ನ ಕಲಿಯೋಕೂ ಕಾಲೇಜು ಬೇಕಾ ಎಂದು ಅಪ್ಪ ಮುಖ ತಿರುಗಿಸಿದ್ದ. ಟೈಲರ್ ಅಂಗಡಿಯಲ್ಲಿ ಕಾಜ ಹೊಲಿದು, ಗುಂಡಿ ಹಚ್ಚಿ ಸವೆದಿದ್ದ ದೊಡ್ಡಮ್ಮ, ತಂಗಿಯ ಗಂಡನ ಎದುರು ಗಟ್ಟಿಯಾಗಿ ಕೂತವಳು ಅವನು ಹೂಂ ಅನ್ನುವವರೆಗೂ ಏಳಲಿಲ್ಲ.

ಕೊನೆಯ ವರ್ಷದ ಪ್ರಬಂಧಕ್ಕೆ ಪುಟ್ಟಿ ಆರಿಸಿಕೊಂಡ ವಿಷಯ ಬಯಲಿನಲ್ಲಿ ನಿಲ್ಲುವ ಶಿಲ್ಪ ಮತ್ತು ಬಟ್ಟೆಯ ಕಲೆ. ಟೇಪು, ನೋಟುಬುಕ್ಕು ಹಿಡಿದು ಊರೆಲ್ಲ ಸುತ್ತಿದಳು. ಬಸ್ ನಿಲ್ದಾಣದ ಕಬ್ಬಿಣದ ಕುದುರೆಗೆ ಎಷ್ಟು ತುಕ್ಕು ಹಿಡಿದಿದೆ, ಆಸ್ಪತ್ರೆಯ ಅಂಗಳದ ಕಲ್ಲಿನ ತಾಯಿಯ ಮೂಗು ಯಾವಾಗ ಒಡೆಯಿತು, ಎಲ್ಲ ಬರೆದುಕೊಂಡಳು. ಆದರೆ ಅವಳನ್ನು ಹಿಡಿದು ನಿಲ್ಲಿಸಿದ್ದು ಉದ್ಯಾನದ ‘ಹಾಯಿ’. ಆರು ಕಬ್ಬಿಣದ ಕಂಬಗಳ ನಡುವೆ ಎರಡಾಳೆತ್ತರಕ್ಕೆ ಬಿಗಿದ ದಪ್ಪ ಟಾರ್ಪಾಲಿನ ಶಿಲ್ಪ ಅದು. ಇಪ್ಪತ್ತು ವರ್ಷದಿಂದ ಮಳೆಗಾಳಿಗೆ ಜಗ್ಗದೆ ನಿಂತಿತ್ತು. ಕೆಳಗಿನ ಹಿತ್ತಾಳೆ ಫಲಕದಲ್ಲಿ ಇದ್ದದ್ದು ಒಂದೇ ಹೆಸರು, ಕಾಲೇಜಿನ ಹಿಂದಿನ ಪ್ರಿನ್ಸಿಪಾಲರದು. ಬಟ್ಟೆಯಲ್ಲಿ ಅಲ್ಲಲ್ಲಿ ಬಿಟ್ಟಿದ್ದ ಉದ್ದನೆಯ ಸೀಳುಗಳನ್ನು ಪುಸ್ತಕಗಳು ಗಾಳಿಯೊಡನೆ ಕಲಾವಿದ ನಡೆಸಿದ ಸಂವಾದ ಎಂದು ಹೊಗಳಿದ್ದವು.

ಒಂದು ಸಂಜೆ ಪುಟ್ಟಿ ಅದರ ಫೋಟೋಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದಾಗ ದೊಡ್ಡಮ್ಮ ಬಂದಳು. ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿ ಒಂದು ಮೂಲೆಯ ಮೇಲೆ ಬೆರಳಿಟ್ಟಳು.

“ಇದು ನಾನು ಹೊಲಿದಿದ್ದು ಕಣೇ.”

ಆಮೇಲೆ ಒಂದೊಂದಾಗಿ ಹೊರಬಂತು. ಹನ್ನೊಂದು ಹೆಂಗಸರು, ಏಳು ತಿಂಗಳು, ಕಾಲೇಜಿನ ಹಿಂದಿನ ತಗಡಿನ ಶೆಡ್ಡು. ಪ್ರಿನ್ಸಿಪಾಲರು ಬರೆದುಕೊಟ್ಟ ಚಿತ್ರದಂತೆ ಹೊಲಿದ ಮೊದಲ ಹಾಯಿ ಮೂರೇ ದಿನಕ್ಕೆ ಹರಿದು ಚಿಂದಿಯಾಗಿತ್ತು. ತಲೆ ಮೇಲೆ ಕೈಹೊತ್ತು ಕೂತಿದ್ದ ಅವರಿಗೆ, ಅಂಚನ್ನು ಎರಡು ಮಡಿಕೆ ಮಾಡಿ, ಗಾಳಿ ಆಚೆ ಹೋಗೋಕೆ ದಾರಿ ಬಿಡಿ ಎಂದು ಹೇಳಿದವಳು ದೊಡ್ಡಮ್ಮ. ದಬ್ಬಣ ಒತ್ತಿ ಒತ್ತಿ ಜೋಮು ಹಿಡಿದ ಅವಳ ಬಲ ಹೆಬ್ಬೆರಳು ಮತ್ತೆ ಸರಿಹೋಗಲೇ ಇಲ್ಲ. ಉದ್ಘಾಟನೆಗೆ ಆ ಹೆಂಗಸರಲ್ಲಿ ಒಬ್ಬರನ್ನೂ ಕರೆದಿರಲಿಲ್ಲ.

ಹನ್ನೊಂದರಲ್ಲಿ ಏಳು ಮಂದಿ ಇನ್ನೂ ಬದುಕಿದ್ದರು. ಪುಟ್ಟಿ ಎಲ್ಲರ ಮನೆಯನ್ನೂ ಹುಡುಕಿಕೊಂಡು ಹೋದಳು. ಒಬ್ಬಾಕೆ ನಡುಗುವ ಕೈಯಲ್ಲೇ ಹಳೆಯ ಹೊಲಿಗೆ ಹಾಕಿ ತೋರಿಸಿದಳು. ಪುಟ್ಟಿ ಹದಿನೆಂಟು ಪುಟ ಬರೆದು, ಹನ್ನೊಂದು ಹೆಸರನ್ನೂ ಸೇರಿಸಿ, ಗೈಡ್ ಆಗಿದ್ದ ಮೇಷ್ಟ್ರ ಮುಂದಿಟ್ಟಳು. ಅವರು ಆ ಪ್ರಿನ್ಸಿಪಾಲರ ನೆಚ್ಚಿನ ಶಿಷ್ಯರು. ಕೊನೆಯವರೆಗೂ ಓದಿ, ಪೆನ್ನಿಗೆ ಮುಚ್ಚಳ ಹಾಕಿದರು.

“ಹೊಲಿದವರು ಬೇರೆ, ಮಾಡಿದವರು ಬೇರೆ. ಇದಕ್ಕೆಲ್ಲ ದಾಖಲೆ ಏನಿದೆ?”

“ನಮ್ಮ ದೊಡ್ಡಮ್ಮ ಇದಾರಲ್ಲ ಸರ್.”

“ದೊಡ್ಡಮ್ಮ ದಾಖಲೆ ಅಲ್ಲಮ್ಮ.”

ಎರಡು ವಾರ ಸಹಿ ಸಿಗಲಿಲ್ಲ. ಮೇಷ್ಟ್ರು ಗದರಿದವರೇ ಅಲ್ಲ. ಕಾಲೇಜಿನಲ್ಲಿ ಅಧ್ಯಾಪಕರ ಹುದ್ದೆಯೊಂದು ಸದ್ಯದಲ್ಲೇ ಖಾಲಿಯಾಗಲಿದೆ ಎಂಬುದನ್ನು ಮಾತಿನ ನಡುವೆ ತೇಲಿಸಿಬಿಟ್ಟರು, ಅಷ್ಟೇ. ಒಪ್ಪಿಸಬೇಕಾದ ಕೊನೆಯ ದಿನ ಪುಟ್ಟಿ ಹದಿನೆಂಟು ಪುಟಗಳನ್ನೂ ತೆಗೆದುಹಾಕಿದಳು. ಈ ಕೃತಿಗೆ ಸ್ಥಳೀಯ ಮಹಿಳೆಯರ ಸಹಕಾರ ದೊರೆತಿತ್ತು ಎಂಬ ಒಂದು ಸಾಲು ಉಳಿಯಿತು. ಅರ್ಧ ಗಂಟೆಯಲ್ಲಿ ಸಹಿ ಬಿತ್ತು.

ದೊಡ್ಡಮ್ಮನಿಗೆ ಇದನ್ನು ಹೇಳಲು ಬಾಯಿ ಬರಲಿಲ್ಲ. ಪ್ರಬಂಧ ಬೈಂಡಾಗಿ ಬಂದಿದೆ ಎಂದು ಅಮ್ಮನಿಂದ ತಿಳಿದ ದೊಡ್ಡಮ್ಮ, ಜೊತೆಗೆ ಹೊಲಿದ ಮೂವರು ಗೆಳತಿಯರನ್ನೂ ಕರೆದುಕೊಂಡೇ ಬಂದಳು. ನಾಲ್ವರೂ ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದರು. ದೊಡ್ಡಮ್ಮ ಒಂದೊಂದೇ ಪುಟ ತಿರುವಿದಳು.

“ನಾವು ಯಾವ ಪುಟದಲ್ಲಿದೀವಿ?”

ಪುಟ್ಟಿ ಆ ಸಾಲು ತೋರಿಸಿದಳು. ದೊಡ್ಡಮ್ಮ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು.

“ಸಹಕಾರ ಅಂದ್ರೆ ನಾವಾ?”

ಪುಟ್ಟಿ ಏನೇನೋ ಸಮಜಾಯಿಷಿ ಕೊಟ್ಟಳು. ಯಾರೂ ಜಗಳಕ್ಕೆ ಬರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ನಡುಗುವ ಕೈಯವಳು ಮೊದಲು ಎದ್ದಳು, ಉಳಿದವರು ಅವಳ ಹಿಂದೆ ನಡೆದರು.

ಅಂದಿನಿಂದ ದೊಡ್ಡಮ್ಮ ಪುಟ್ಟಿಗೆ ಬಹುವಚನ ಹಚ್ಚಿದಳು. ಚೆನ್ನಾಗಿದೀರಾ, ಕಾಲೇಜು ಹೇಗಿದೆ ನಿಮ್ದು ಎಂದು ಎದುರು ಸಿಕ್ಕಾಗೆಲ್ಲ ವಿಚಾರಿಸುವಳು. ಎತ್ತಿ ಆಡಿಸಿದವಳ ಬಾಯಲ್ಲಿ ಪುಟ್ಟಿಗೆ ಈಗ ಆ ಮಾತು. ಬೈದಿದ್ದರೆ ಕಾಲು ಹಿಡಿಯಬಹುದಿತ್ತು, ಈ ಮರ್ಯಾದೆಗೆ ಅವಳ ಹತ್ತಿರ ಮದ್ದಿರಲಿಲ್ಲ.

ಹುದ್ದೆ ಸಿಕ್ಕಿತು. ನಾಲ್ಕು ವರ್ಷ ಕಳೆದು ಮೇಷ್ಟ್ರು ನಿವೃತ್ತರಾದರು. ಮರುದಿನವೇ ಪುಟ್ಟಿ ಲೈಬ್ರರಿಯಿಂದ ತನ್ನ ಪ್ರಬಂಧ ತೆಗೆಸಿದಳು. ಅದನ್ನು ಅದುವರೆಗೆ ಯಾರೂ ಓದಲು ಪಡೆದಿರಲಿಲ್ಲ. ಆ ಸಾಲಿನ ಪಕ್ಕದ ಖಾಲಿ ಜಾಗದಲ್ಲಿ ಹನ್ನೊಂದು ಹೆಸರನ್ನೂ ಶಾಯಿಯಲ್ಲಿ ಬರೆದು, ಸಂಜೆ ನೇರವಾಗಿ ದೊಡ್ಡಮ್ಮನ ಮನೆಗೆ ಹೋಗಿ ಹೇಳಿದಳು.

ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡಳು.

“ಮೇಷ್ಟ್ರು ಇರೋವಾಗ ಬರೀಬೇಕಿತ್ತು ನೀವು,” ಎಂದಳು. ಆಮೇಲೆ ಒಳಗೆ ಹೋಗಿ, ಬಂದ ಅತಿಥಿಗೆಂದು ಕುರ್ಚಿ ತಂದು ಹಾಕಿದಳು.