ಮನೆ ತೆರಿಗೆ ಯಾರ ಹೆಸರಲ್ಲಿ

ಭಟ್ಕಳದ ಹತ್ತಿರ ನಮ್ಮೂರ ಕಡಲಂಚಿಗೆ ರೆಸಾರ್ಟ್ ಬಂತು. ಊರವರಿಗೆ ಕೆಲಸ ಕೊಡುತ್ತಾರೆಂದು ಸರ್ಕಾರ ಅದಕ್ಕೆ ಹಲವು ವರ್ಷದ ಕಟ್ಟಡ ತೆರಿಗೆ ಮಾಫಿ ಮಾಡಿತು. ಅದೇ ವರ್ಷ ನನ್ನ ಮನೆಗೂ ಅದರ ಮುಂದಿನ ಸೋಡಾ ಅಂಗಡಿಗೂ ತೆರಿಗೆ ಏರಿತು. ನನಗೆ ಮೈ ಉರಿದುಹೋಯಿತು. ಕೂತಲ್ಲಿ ಕೂರಲಾಗದೆ, ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳಿ ತಲೆ ತಿಂದೆ. ಕೆಲವರು ಸೋಡಾ ಅರ್ಧಕ್ಕೇ ಬಿಟ್ಟು ಎದ್ದುಹೋದರು.

ಕೊನೆಗೆ ಕೋರ್ಟೇ ಸೈ ಎಂದು ಹೊನ್ನಾವರದ ವಕೀಲರೊಬ್ಬರ ಹತ್ತಿರ ಹೋದೆ. ಅವರು ನನ್ನ ತೆರಿಗೆ ರಸೀದಿ ನೋಡಿದರು.

"ಇದ್ರಲ್ಲಿ ನಿಮ್ಮ ಹೆಸ್ರೆಲ್ಲಿತ್ತು?"

"ಅಪ್ಪಂದು ಇತ್ತಲ್ಲ. ಕಟ್ಟೂದು ನಾನೇ."

"ಅಪ್ಪ ಈಗ ಎಲ್ಲಿದ್ರು?"

"ತೀರಿಹೋಗಿ ಸುಮಾರು ವರ್ಷ ಆತು."

ವಕೀಲರು ಕನ್ನಡಕ ತೆಗೆದಿಟ್ಟರು. ತೆರಿಗೆದಾರ ಎಂದು ತಕರಾರು ಹಾಕಬೇಕಾದರೆ ಮೊದಲು ನಾನು ತೆರಿಗೆದಾರ ಆಗಬೇಕಂತೆ. ಪಾಲಿಗೆ ಬೇರೆ ಯಾರಿದ್ದಾರೆಂದು ಕೇಳಿದರು, ಅಕ್ಕ ಇದ್ದಾಳೆ ಎಂದೆ. "ಖಾತೆ ನಿಮ್ಮ ಹೆಸ್ರಿಗೆ ಮಾಡ್ಕಣಿ. ಅಕ್ಕ ಪಾಲು ಬೇಡ ಅಂತ ಸಹಿ ಹಾಕ್ಕೊಟ್ರೆ ಆತು" ಎಂದು ಒಂದು ಕಾಗದ ಬರೆಸಿಕೊಟ್ಟರು.

ಹೇಳುವುದು ಸುಲಭ. ನಮ್ಮ ಕಡೆ ಅಪ್ಪ ಹೋದ ಮೇಲೂ ಖಾತೆ ಬದಲಿಸಲು ಯಾರೂ ಕೈ ಹಾಕುವುದಿಲ್ಲ. ಖಾತೆಯ ಮಾತೆತ್ತಿದರೆ ಪಾಲಿನ ಮಾತೆತ್ತಿದ ಹಾಗೆ. ಎಲ್ಲರೂ ಹೋದವರ ಹೆಸರಲ್ಲೇ ಕಟ್ಟುತ್ತ, ಬಾಯಿ ಮುಚ್ಚಿಕೊಂಡಿರುತ್ತಾರೆ.

ಒಡಹುಟ್ಟಿದವಳೆಂದು ಇರುವುದು ಅಕ್ಕ ಒಬ್ಬಳೇ, ಕುಮಟೆಯಲ್ಲಿ. ಬಸ್ಸಿನುದ್ದಕ್ಕೂ ಮಾತು ಜೋಡಿಸಿದೆ, ಕೆಡಿಸಿದೆ. ಅವಳ ಮನೆಯಲ್ಲಿ ಅವಲಕ್ಕಿ ತಿಂದೆ, ಚಾ ಕುಡಿದೆ, ಸೆಕೆ ಹೆಚ್ಚೆಂದೆ. ಎದ್ದೆ, ಕೂತೆ, ಮತ್ತೆ ಎದ್ದೆ.

"ಎಂತ ಆತು ನಿಂಗೆ? ಬಂದದ್ದು ಎಂತಕ್ಕೆ, ಹೇಳು" ಅಂದಳು ಅಕ್ಕ.

ರೆಸಾರ್ಟಿನಿಂದ ಶುರುಮಾಡಿದೆ. ದೊಡ್ಡವರಿಗೊಂದು ನ್ಯಾಯ, ನಮಗೊಂದು ನ್ಯಾಯವೇ ಎಂದು ದನಿ ಏರಿಸಿದೆ. ಅವಳೂ ಹೌದು ಹೌದೆಂದು ತಲೆಯಾಡಿಸಿದಳು. ಆ ಬಿಸಿಯಲ್ಲೇ ಕಾಗದ ಮುಂದೆ ಹಿಡಿದೆ. ಅವಳು ನಿಧಾನ ಓದಿದಳು.

"ರೆಸಾರ್ಟಿನವ್ರಿಗೆ ತೆರಿಗೆ ಬಿಟ್ಟದ್ದು ಅನ್ಯಾಯ. ನಾ ಅಪ್ಪನ ಮನೆ ಬಿಟ್ಕೊಡೂದು ನ್ಯಾಯವಾ ತಮ್ಮಾ?"

ನನಗೆ ಸಿಟ್ಟು ಬಂತು. ನಾನು ಬಂದದ್ದು ಊರಿನ ಕೆಲಸಕ್ಕೆ, ಇವಳು ಪಾಲಿನ ಲೆಕ್ಕಕ್ಕೆ ಇಳಿದಳಲ್ಲ ಎಂದು. ಅದರ ಹಿಂದೆಯೇ ನಾಚಿಕೆಯೂ ಆಯಿತು. ಕಾಗದ ಕೊಡೆಂದು ಕೈ ಚಾಚಿದೆ.

"ಖಾತೆಗೆ ನನ್ ಹೆಸ್ರೂ ಸೇರ್ಸು. ಕೋರ್ಟಿಗೆ ನಾನೂ ಬತ್ತೆ" ಅಂದಳು.

ಊರೆಲ್ಲ ನ್ಯಾಯ ನ್ಯಾಯ ಎಂದು ಕೂಗಾಡಿದವನಿಗೆ "ಆತು" ಅನ್ನಲು ತುಂಬ ಹೊತ್ತು ಹಿಡಿಯಿತು. ಅಲ್ಲಿಯವರೆಗೆ ಅಕ್ಕ ಆ ಕಾಗದವನ್ನು ನನ್ನ ಕೈಗೆ ವಾಪಸು ಕೊಡಲಿಲ್ಲ.