ಎರಡು ಮೋಲ್ಡಿಗೆ ಒಂದೇ ಜನ

ಮೇಸ್ತ್ರಿಯ ಬಾಯಲ್ಲಿ 'ಆಗಲ್ಲ' ಅನ್ನುವ ಮಾತು ಹುಟ್ಟಿದ್ದೇ ಇಲ್ಲ. ಎಂಜಿನಿಯರ್ ಕೇಳಲಿ, ಮನೆ ಕಟ್ಟಿಸುವವರು ಕೇಳಲಿ, 'ಆಯ್ತು ಬಿಡಿ, ಜನ ಕಳಿಸ್ತೀನಿ' ಅಂತ ಒಪ್ಪಿಕೊಂಡೇ ಬಿಡುತ್ತಿದ್ದ. ಅದಕ್ಕೇ ಗಾರೆಯವರೆಲ್ಲ ಅವನಿಗೆ ಆಯ್ತಪ್ಪ ಅಂತ ಹೆಸರಿಟ್ಟಿದ್ದರು. ಹಾಗಂತ ಅವನೇನೂ ಮೋಸಗಾರನಲ್ಲ. ತಾರಸಿಗೆ ಮೋಲ್ಡ್ ಹಾಕುವುದು ಎಂದಾದರೂ ಹೇಳಿದ ದಿನಕ್ಕೆ ನಡೆದದ್ದುಂಟೇ, ನೀವೇ ಹೇಳಿ? ಒಂದು ಕಡೆ ಕಂಬಿ ಬಂದಿರುವುದಿಲ್ಲ, ಇನ್ನೊಂದು ಕಡೆ ಮಿಕ್ಸರ್ ಕೈಕೊಟ್ಟಿರುತ್ತದೆ. ಒಂದೇ ದಿನಕ್ಕೆ ಇಬ್ಬರಿಗೆ ಮಾತು ಕೊಟ್ಟರೆ ಒಬ್ಬರದ್ದಾದರೂ ಮುಂದಕ್ಕೆ ಹೋಗಿಯೇ ಹೋಗುತ್ತದೆ. ಜನ ಖಾಲಿ ಕೂರುವುದು ತಪ್ಪುತ್ತದೆ. ಈ ಅಂದಾಜಿನ ಮೇಲೆಯೇ ಅವನ ಸಂಸಾರ, ಅವನನ್ನು ನಂಬಿದವರ ಸಂಸಾರ ಎಲ್ಲ ನಡೆದುಕೊಂಡು ಬಂದಿದ್ದವು.

ಆ ಬೆಳಿಗ್ಗೆ ಒಂದು ಗೋದಾಮು, ಒಂದು ಮಹಡಿ ಮನೆ, ಮಾತು ಕೊಟ್ಟ ಎರಡೂ ಕಡೆ ಮಿಕ್ಸರ್ ಬಂದು ನಿಂತಿತ್ತು.

ಗೋದಾಮಿನ ಎಂಜಿನಿಯರ್ ಫೋನಿನಲ್ಲೇ ಉಗಿದ: 'ಜನ ಎಲ್ರೀ? ಇವತ್ತು ಕೈಕೊಟ್ರೆ ಇನ್ಮೇಲೆ ಈ ಕಡೆ ತಲೆ ಹಾಕ್ಬೇಡಿ!' ಮೇಸ್ತ್ರಿ ಕೂಲಿಯವರು ಸೇರುವ ರಸ್ತೆ ಮೂಲೆಗೆ ಓಡಿ ಹೊಸಬರಿಗಾಗಿ ಹುಡುಕಿದ. ಒಂದು ನರಪಿಳ್ಳೆಯೂ ಸಿಗಲಿಲ್ಲ. ಕೊನೆಗೆ ತನ್ನ ಜನರನ್ನೇ ಎರಡು ಪಾಲು ಮಾಡಿದ, ಅರ್ಧ ಗೋದಾಮಿಗೆ, ಅರ್ಧ ಮಹಡಿ ಮನೆಗೆ. ಶುರುವಾದ ಮೋಲ್ಡನ್ನು ನಡುವೆ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಗಟ್ಟಿಯಾದ ಕಾಂಕ್ರೀಟಿಗೆ ಹೊಸದು ಕೂಡಿಕೊಳ್ಳದೆ ತಾರಸಿ ಜನ್ಮವಿಡೀ ಸೋರುತ್ತದೆ.

ಮಹಡಿ ಮನೆಯಲ್ಲಿ ಕಾಂಕ್ರೀಟ್ ತುಂಬಿದ ಬಾಣಲಿ ಕೈಯಿಂದ ಕೈಗೆ ದಾಟಿಸಲು ಒಬ್ಬ ಕಡಿಮೆ ಬಿದ್ದ. ಮೇಸ್ತ್ರಿಯ ಕಣ್ಣು ಬಾಮೈದನ ಮೇಲೆ ಬಿತ್ತು. ಹೆಂಡತಿಯ ಈ ತಮ್ಮ ಯಾವಾಗಲೂ ಹಲಗೆಗಳ ಕೆಳಗಿರುವವನು. ಮೇಲೆ ಕಾಂಕ್ರೀಟ್ ಬೀಳುತ್ತಿದ್ದರೆ ಕೆಳಗೆ ಹಲಗೆಗೆ ಆಸರೆ ಕೊಟ್ಟ ಕಂಬದಿಂದ ಕಂಬಕ್ಕೆ ಸುತ್ತುತ್ತ, ಅಲುಗಿದ ಕಡೆ ಬೆಣೆ ಹೊಡೆಯುವುದು ಅವನ ಕೆಲಸ. ನೋಡಿದವರಿಗೆ ನೆರಳಲ್ಲಿ ಸುಮ್ಮನೆ ಅಡ್ಡಾಡುವವನ ಹಾಗೆ ಕಾಣಬೇಕು.

'ಇವತ್ತು ನೀನು ಮೇಲೆ ಹೋಗು' ಅಂದ ಮೇಸ್ತ್ರಿ.

'ಕೆಳಗೆ ಯಾರು ಭಾವ?'

'ಇದಾರೆ ಮಾರಾಯ. ಬಡಗೀನ ಬಿಟ್ಟಿದ್ದೀನಿ.'

ಬಡಗಿ ಗೋದಾಮಿನಲ್ಲಿದ್ದ. ಸುಳ್ಳು ಎಷ್ಟು ಸಲೀಸಾಗಿ ಬಂತು ನೋಡಿ! ಆಗಾಗ ತಾನೇ ಇಳಿದು ಒಂದು ಸುತ್ತು ನೋಡಿದರಾಯಿತು ಅಂದುಕೊಂಡಿದ್ದ. ಎಲ್ಲಿಂದ ಇಳಿಯುವುದು? ಒಂದು ಕಿವಿಗೆ ಮಿಕ್ಸರಿನ ಗಲಾಟೆ, ಇನ್ನೊಂದಕ್ಕೆ ಗೋದಾಮಿನವರ ಬೊಬ್ಬೆ. ಮೆಟ್ಟಿಲ ತನಕ ಹೋಗುವುದು, ಫೋನು ಬಂತೆಂದು ತಿರುಗುವುದು, ಇದೇ ಆಯಿತು. ಹೆಂಡತಿ ಬೆವರು ಒರೆಸಿಕೊಳ್ಳಲೂ ಬಿಡುವಿಲ್ಲದೆ ಸಾಲಿನಲ್ಲಿ ನಿಂತು ಬಾಣಲಿ ದಾಟಿಸುತ್ತಿದ್ದಳು.

'ರೀ, ಮುಖ ಯಾಕೆ ಹೀಗಾಗಿದೆ? ಒಂದು ಗುಟುಕು ನೀರಾದ್ರೂ ಕುಡೀರಿ' ಅಂದಳು.

ಅವಳ ಮುಖ ನೋಡಲು ಅವನಿಂದಾಗಲಿಲ್ಲ. ದೇವರೇ, ಇವತ್ತೊಂದು ದಿನ ದಾಟಿಸಪ್ಪ ಅಂತ ಒಳಗೊಳಗೇ ಬೇಡಿಕೊಂಡ.

ನೀರು ಕುಡಿಯಲು ಇಳಿದದ್ದು ಬಾಮೈದ. ಇಳಿದವನು ಅಲ್ಲಿಂದಲೇ ಕಿರುಚಿದ: 'ಅಕ್ಕಾ! ಇಳೀರಿ, ಎಲ್ಲಾ ಇಳೀರಿ! ಕೆಳಗೆ ಯಾರೂ ಇಲ್ಲ, ಕಂಬ ಜಾರ್ತಿದೆ!'

ಬಾಣಲಿ ಎಸೆದು ಜನ ಮೆಟ್ಟಿಲಿಗೆ ನುಗ್ಗಿದರು. ಹೆಂಡತಿ ಕೊನೆಯವಳು, ಪಾದ ಕಂಬಿಗೆ ಸಿಕ್ಕಿ ಮುಗ್ಗರಿಸಿದಳು. ತಮ್ಮ ಓಡಿ ಬಂದು ರಟ್ಟೆ ಹಿಡಿದು ಎಳೆದುಕೊಂಡ. ಅವಳು ಮೆಟ್ಟಿಲು ಮುಟ್ಟಿದ್ದಳೋ ಇಲ್ಲವೋ, ಬೆಳಗಿನಿಂದ ಹೊತ್ತು ಹಾಕಿದ್ದೆಲ್ಲ ಹಲಗೆ, ಕಂಬಿ ಸಮೇತ ಧೊಪ್ಪೆಂದು ಕುಸಿಯಿತು.

ಯಾರೂ ಸಾಯಲಿಲ್ಲ, ಅದೊಂದು ಪುಣ್ಯ. ಮೇಸ್ತ್ರಿ ಮರಳ ರಾಶಿಯ ಮೇಲೆ ತಲೆಗೆ ಕೈಹೊತ್ತು ಕೂತ. ಮನೆಯ ಯಜಮಾನರು ಬಾಯಿಗೆ ಬಂದಂತೆ ಬೈಯುತ್ತಿದ್ದರು; ಅವನ ಕಿವಿಗೆ ಬೀಳಲಿಲ್ಲ. ಹೆಂಡತಿ ಕುಂಟುತ್ತ ಬಂದು ಎದುರು ನಿಂತಳು.

'ಕೆಳಗೆ ಯಾರೂ ಇಲ್ಲ ಅಂತ ನಿಮಗೆ ಗೊತ್ತಿತ್ತಾ?'

'ಒಂದು ದಿನ ಹೇಗೋ ಆಗುತ್ತೆ ಅಂತ...'

'ಗೊತ್ತಿತ್ತಾ ಅಂದೆ.'

'ಗೊತ್ತಿತ್ತು.'

'ನಾನು ಮೇಲಿದ್ದೆನಲ್ರೀ!'

ಅವನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಮರುದಿನ ಬೆಳಿಗ್ಗೆ ಅವನು ಏಳುವಷ್ಟರಲ್ಲಿ ಅವಳು ಮನೆಯಲ್ಲಿರಲಿಲ್ಲ. ಕೂಲಿಯವರು ಸೇರುವ ರಸ್ತೆ ಮೂಲೆಗೆ ಹೋದ. ಜನವೆಲ್ಲ ಅಲ್ಲೇ ಬಾಮೈದನ ಸುತ್ತ ಕೂತಿದ್ದರು. ಪಾದಕ್ಕೆ ಬಟ್ಟೆ ಸುತ್ತಿಕೊಂಡು ಅವಳೂ ಇದ್ದಳು.

'ಏಳಿ, ಗೋದಾಮಿನಲ್ಲಿ ಕೆಲಸ ಉಳಿದಿದೆ' ಅಂದ.

ಒಬ್ಬರೂ ಅಲುಗಲಿಲ್ಲ. ಬಾಮೈದ ಎದ್ದು ಬೇರೆ ಕೆಲಸದ ದಾರಿ ಹಿಡಿದಾಗ ಎಲ್ಲರೂ ಎದ್ದರು. ಮೇಸ್ತ್ರಿ ಹೆಂಡತಿಯ ಹಿಂದೆಯೇ ಓಡಿದ.

'ನಾನೂ ಬರ್ತೀನಿ ಕಣೇ. ಬಾಣಲಿ ಹೊರ್ತೀನಿ, ಏನು ಹೇಳಿದ್ರೂ ಮಾಡ್ತೀನಿ.'

ಅವಳು ನಿಂತಳು. ಬೈಯಲಿಲ್ಲ, ಅಳಲೂ ಇಲ್ಲ.

'ಜನ ಸಾಕು' ಅಂದು ಕುಂಟುತ್ತ ಹೊರಟುಹೋದಳು.